ಜಟ್ಟಿ ಬಿದ್ದರೆ ಅದೂ ಒಂದು ಪಟ್ಟು: ಗಾಮಾ ಮತ್ತು ಝ್ಬಿಶ್ಕೊ

(ಬಂಗಾರಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ನಮ್ಮ ಕಡೆ ಹುಡುಗನೊಬ್ಬ ಎದೆ ಉಬ್ಬಿಸಿ ನಿಂತರೆ ಮನೆಯ ಹಿರಿಯರು ಕೇಳುವ ಮಾತೊಂದಿದೆ: “ಏನೋ, ದೊಡ್ಡ ಗಾಮಾ ಪೈಲ್ವಾನ್ ಆಗಿಬಿಟ್ಟೆಯಾ?” ಬಂಗಾರಪೇಟೆಯಲ್ಲಿ ಇದನ್ನು ಕನ್ನಡದಲ್ಲೂ ತೆಲುಗಿನಲ್ಲೂ ಕೇಳುತ್ತಾರೆ. ಕೆಜಿಎಫ್‌ನ ಲೈನುಗಳಲ್ಲಿ ತಮಿಳಿನಲ್ಲಿ ಕೇಳುತ್ತಾರೆ. ಕೇಳುವವರು ಗಾಮಾನನ್ನು ಕಂಡವರಲ್ಲ, ಅವನ ಊರು ಯಾವುದೆಂದು ಬಲ್ಲವರೂ ಅಲ್ಲ. ಮನುಷ್ಯನ ಹೆಸರು ಗಾದೆಯೊಳಗೆ ಸೇರಿಕೊಂಡರೆ ಊರು, ವಿಳಾಸ ಯಾರಿಗೂ ಬೇಕಾಗುವುದಿಲ್ಲ.

ಆದರೆ ಗಾಮಾ ಒಬ್ಬನೇ ಕುಸ್ತಿಯಾಡಲಿಲ್ಲವಲ್ಲ. ಅವನ ಎದುರು ನಿಂತವನೊಬ್ಬ ಇದ್ದ. ಹೆಸರು ಸ್ತಾನಿಸ್ಲಾವ್ ಝ್ಬಿಶ್ಕೊ. ಇದನ್ನು ಸರಿಯಾಗಿ ಹೇಳುವುದಕ್ಕೇ ನಮ್ಮ ನಾಲಿಗೆ ಒಂದು ಸುತ್ತು ಸಾಮು ಮಾಡಬೇಕು. ಆ ಹೆಸರಿನಲ್ಲಿ ನಮ್ಮಲ್ಲಿ ಯಾರೂ ಮಕ್ಕಳನ್ನು ಗದರಿಸಿಲ್ಲ. ಈ ಇಬ್ಬರು ವೃತ್ತಿಪರ ಪೈಲ್ವಾನರ ಬದುಕನ್ನು ಪಕ್ಕಪಕ್ಕ ಇಟ್ಟು ನೋಡುವುದು ಇಂದಿನ ನನ್ನ ಕೆಲಸ.

ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಹಿರಿಯರು ಕೆಜಿಎಫ್‌ನ ಚಿನ್ನದ ಗಣಿಗೆ ಇಳಿದು ದುಡಿದವರು, ಪಾಳಿ ಮುಗಿಸಿ ಮೇಲೆ ಬಂದ ಮೇಲೆ ಗರಡಿಯ ಮಣ್ಣು ಮೈಗೆ ಹಚ್ಚಿಕೊಂಡವರು. ತಮ್ಮ ಹೆಸರನ್ನು ವೇದಿಕೆಯಲ್ಲಿ ಹೇಳಬಾರದೆಂದು ಕೋರಿದ್ದರಂತೆ, ಹೇಳುವುದಿಲ್ಲ. ಮೈಮುರಿದು ದುಡಿದವರ ಬಗ್ಗೆ ವರ್ಷಕ್ಕೊಮ್ಮೆ ಮಾತಾಡಿ ಎಂಬುದಷ್ಟೇ ಅವರ ಷರತ್ತು. ನಾನು ವಿಷಯ ತಿಳಿಸಿದಾಗ ಒಬ್ಬರು, “ದಾರಾ ಸಿಂಗ್, ಕಿಂಗ್ ಕಾಂಗ್ ಬಗ್ಗೆ ಮಾತಾಡಿ ಸಾರ್, ಜನಕ್ಕೆ ಗೊತ್ತಿರುವ ಜೋಡಿ” ಎಂದರು. ಒಳ್ಳೆಯ ಜೋಡಿಯೇ. ಆದರೆ ಆ ಇಬ್ಬರು ಪೈಲ್ವಾನರ ಕಾಲಕ್ಕೆ ಕುಸ್ತಿ ಸಿನಿಮಾದ ಮನೆಯೊಳಕ್ಕೆ ಕಾಲಿಟ್ಟಾಗಿತ್ತು. ಕುಸ್ತಿ ಇನ್ನೂ ಹೊಸ್ತಿಲ ಮೇಲೆ ನಿಂತಿದ್ದ ಕಾಲಕ್ಕೆ ನಿಮ್ಮನ್ನು ಕರೆದೊಯ್ಯುವ ಆಸೆ ನನ್ನದು.

ಒಂದು ಅರಿಕೆ. ಇಬ್ಬರನ್ನೂ ಏಕವಚನದಲ್ಲಿ ಕರೆಯುತ್ತೇನೆ. ಲಂಗೋಟ ಬಿಗಿದು ಅಖಾಡಕ್ಕೆ ಇಳಿದವನಿಗೆ ಏಕವಚನವೇ ಮರ್ಯಾದೆ.

ಜೋಡಿ ಕಟ್ಟುವುದು

ಮೈಸೂರು ದಸರಾ ಕುಸ್ತಿಗೆ ಮುಂಚೆ ಒಂದು ಕೆಲಸ ನಡೆಯುತ್ತದೆ. ಅದಕ್ಕೆ ಜೋಡಿ ಕಟ್ಟುವುದು ಎನ್ನುತ್ತಾರೆ. ಊರೂರಿನ ಪೈಲ್ವಾನರು ಬಂದು ಸಾಲಾಗಿ ನಿಲ್ಲುತ್ತಾರೆ. ಉಸ್ತಾದರು ತೂಕ ನೋಡುತ್ತಾರೆ, ವಯಸ್ಸು ಕೇಳುತ್ತಾರೆ, ಹಿಂದೆ ಯಾರೊಡನೆ ಆಡಿದ್ದ ಎಂದು ವಿಚಾರಿಸುತ್ತಾರೆ. ಆಮೇಲೆ ಇಬ್ಬರ ಕೈ ಸೇರಿಸುತ್ತಾರೆ. ನೋಡುವವರಿಗೆ ಕುಸ್ತಿ ಇನ್ನೂ ಮುಂದೆ ಇರುತ್ತದೆ, ಬಲ್ಲವರಿಗೆ ಅರ್ಧ ಕುಸ್ತಿ ಅಲ್ಲೇ ಮುಗಿದಿರುತ್ತದೆ. ಜೋಡಿ ತಪ್ಪಿದರೆ ಗೆದ್ದವನಿಗೂ ಸುಖವಿಲ್ಲ, ದುಡ್ಡು ಕೊಟ್ಟು ಕೂತವನಿಗೂ ಸುಖವಿಲ್ಲ. ಕುಸ್ತಿಯ ಲೆಕ್ಕ ಒಂದರಿಂದ ಶುರುವಾಗುವುದಿಲ್ಲ, ಎರಡರಿಂದ ಶುರುವಾಗುತ್ತದೆ. ನನ್ನ ಇಂದಿನ ಮಾತಿನ ಬೇರು ಇದೇ.

ಗಾಮಾ ಹುಟ್ಟಿದ್ದು 1878ರಲ್ಲಿ, ಅಮೃತಸರದ ಸೀಮೆಯಲ್ಲಿ, ಕುಸ್ತಿಯನ್ನೇ ಕುಲವೃತ್ತಿಯಾಗಿ ಮಾಡಿಕೊಂಡ ಕಾಶ್ಮೀರಿ ಮೂಲದ ಮನೆಯಲ್ಲಿ. ನಿಜವಾದ ಹೆಸರು ಗುಲಾಮ್ ಮೊಹಮ್ಮದ್ ಬಕ್ಷ್. ತಂದೆ ಅಜೀಜ್ ಬಕ್ಷ್ ದತಿಯಾ ಸಂಸ್ಥಾನದ ಪೈಲ್ವಾನ. ಹುಡುಗ ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡ, ಮನೆಯ ಹಿರಿಯರು ಸಾಮು ಕಲಿಸಿದರು. 1888ರಲ್ಲಿ ಜೋಧಪುರದ ಮಹಾರಾಜ ಬಸ್ಕಿ ಹೊಡೆಯುವ ಪಂದ್ಯ ಇಟ್ಟ. ನೂರಾರು ಪೈಲ್ವಾನರು ಒಬ್ಬೊಬ್ಬರಾಗಿ ಸುಸ್ತಾಗಿ ಕೂತ ಮೇಲೂ ಏಳುತ್ತ ಕೂರುತ್ತ ಉಳಿದ ಕೆಲವೇ ಮಂದಿಯಲ್ಲಿ ಹತ್ತು ವರ್ಷದ ಗಾಮಾ ಒಬ್ಬ. ಮಹಾರಾಜ ಅವನನ್ನೇ ಗೆದ್ದವನೆಂದು ಸಾರಿದ. ದತಿಯಾದ ಅರಸು ಮಗುವಿನ ಊಟ, ಸಾಮು ಎರಡರ ಹೊಣೆಯನ್ನೂ ಹೊತ್ತ. ಅವನು ದಿನಕ್ಕೆ ಎಷ್ಟು ಸೇರು ಹಾಲು ಕುಡಿದ, ಎಷ್ಟು ಸಾವಿರ ದಂಡ ಹೊಡೆದ ಎಂಬ ಲೆಕ್ಕ ಹೇಳುವವರ ಬಾಯಲ್ಲಿ ವರ್ಷಕ್ಕಿಷ್ಟು ಬೆಳೆದಿದೆ. ಅದನ್ನು ಇಲ್ಲಿಗೆ ತರುವುದಿಲ್ಲ.

ಝ್ಬಿಶ್ಕೊ ಹೆಚ್ಚುಕಡಿಮೆ ಗಾಮಾನ ಓರಗೆಯವ. ಅವನು ಹುಟ್ಟಿದ ಗಲೀಷಿಯಾ ಆಗ ಆಸ್ಟ್ರಿಯಾ–ಹಂಗೇರಿ ಚಕ್ರಾಧಿಪತ್ಯದ ಒಂದು ಮೂಲೆ. ಮೂರು ಸಾಮ್ರಾಜ್ಯಗಳು ಪೋಲೆಂಡನ್ನು ಹಂಚಿಕೊಂಡಿದ್ದರಿಂದ ಭೂಪಟದಲ್ಲಿ ಆ ಹೆಸರಿನ ದೇಶವೇ ಇರಲಿಲ್ಲ. ಅವನ ಮನೆತನದ ಹೆಸರು ಸಿಗಾನಿಯೇವಿಚ್. ಝ್ಬಿಶ್ಕೊ ಎಂಬುದು ಅಡ್ಡಹೆಸರು, ಮಧ್ಯಯುಗದ ಪೋಲಿಷ್ ವೀರನೊಬ್ಬನದು. ಅಂದರೆ ನಮ್ಮ ಜೋಡಿಯಲ್ಲಿ ಇಬ್ಬರೂ ಪರರ ಆಳ್ವಿಕೆಯಲ್ಲಿ ಹುಟ್ಟಿದವರು.

ವ್ಯತ್ಯಾಸ ಇರುವುದು ಅನ್ನದಾತನಲ್ಲಿ. ಗಾಮಾನಿಗೆ ಅರಮನೆ, ಝ್ಬಿಶ್ಕೊನಿಗೆ ಟಿಕೆಟ್ಟಿನ ಕಿಟಕಿ. ಯುರೋಪಿನ ನಾಟಕಶಾಲೆಗಳಲ್ಲೂ ಸರ್ಕಸ್ಸುಗಳಲ್ಲೂ ವಾರಗಟ್ಟಲೆ ನಡೆಯುತ್ತಿದ್ದ ಕುಸ್ತಿ ಪಂದ್ಯಾವಳಿಗಳು ಅವನ ಪಾಠಶಾಲೆ. ಅಲ್ಲಿ ಪಟ್ಟು ಗೊತ್ತಿದ್ದರೆ ಸಾಲದು, ನಾಳೆಯೂ ಜನ ಬರುವಂತೆ ಇವತ್ತು ಆಡಬೇಕು. ಈ ಎರಡು ಬಗೆಯ ಯಜಮಾನರೂ ನಮ್ಮ ಜಿಲ್ಲೆಗೆ ಹೊಸಬರಲ್ಲ. ಆ ಕಡೆ ಮೈಸೂರು ಅರಮನೆ. ವಿಜಯದಶಮಿಯ ಬೆಳಿಗ್ಗೆ ಜಟ್ಟಿಗಳು ವಜ್ರಮುಷ್ಟಿ ಹಿಡಿದು ಒಡೆಯರ ಮುಂದೆ ತಲೆಬಾಗುತ್ತಿದ್ದರು, ರಕ್ತ ಕಂಡೊಡನೆ ಕಾಳಗ ನಿಲ್ಲುತ್ತಿತ್ತು. ಈ ಕಡೆ ಜಾನ್ ಟೇಲರ್ ಕಂಪನಿ. 1880ರಿಂದ ನಮ್ಮ ನೆಲವನ್ನು ಕೊರೆಯುತ್ತಿದ್ದ ಆ ಕಂಪನಿಯ ಷೇರುದಾರರು ಲಂಡನ್ನಿನಲ್ಲಿ ಕೂತಿದ್ದರು. ಅರಮನೆ ಮೈಯನ್ನು ಸಾಕುತ್ತದೆ, ಕಂಪನಿ ಮೈಯನ್ನು ಬಾಡಿಗೆಗೆ ಹಿಡಿಯುತ್ತದೆ. ಎರಡರ ಗುಣವೂ ಮೈಗೆ ವಯಸ್ಸಾದ ಮೇಲೆ ತಿಳಿಯುತ್ತದೆ.

ಶಿಕಾಗೊ: ಏಳು ಸೆಕೆಂಡಿನೊಳಗೆ

ಗಾಮಾ–ಝ್ಬಿಶ್ಕೊ ಕಥೆ ಹೇಳುವವರು ಸಾಮಾನ್ಯವಾಗಿ ಲಂಡನ್ನಿನಿಂದ ಶುರುಮಾಡುತ್ತಾರೆ. ನಾನು ಮೂರು ತಿಂಗಳು ಹಿಂದಕ್ಕೆ ಹೋಗುತ್ತೇನೆ. 1910ರ ಜೂನ್ 1, ಅಮೆರಿಕದ ಶಿಕಾಗೊ.

ಆಗ ಅಮೆರಿಕದ ದೊಡ್ಡ ಹೆಸರು ಫ್ರಾಂಕ್ ಗಾಚ್. ಹಿಂದಿನ ವರ್ಷ ಬಫಲೋ ನಗರದಲ್ಲಿ ಇದೇ ಗಾಚ್ ಒಂದು ಗಂಟೆ ಹೆಣಗಿದರೂ ಝ್ಬಿಶ್ಕೊನನ್ನು ಕೆಡವಲು ಆಗಿರಲಿಲ್ಲ. ಶಿಕಾಗೊದಲ್ಲಿ ಮತ್ತೆ ಜೋಡಿ ಬಿತ್ತು. ಝ್ಬಿಶ್ಕೊ ಮುಂದೆ ಬಂದು ಕೈಕುಲುಕಲು ಕೈ ಚಾಚಿದ. ಗಾಚ್ ಆ ಕೈಯನ್ನು ಹಿಡಿಯಲಿಲ್ಲ, ಬಗ್ಗಿ ಕಾಲನ್ನು ಹಿಡಿದ. ಏಳು ಸೆಕೆಂಡು ಕಳೆಯುವುದರೊಳಗೆ ಝ್ಬಿಶ್ಕೊನ ಎರಡೂ ಭುಜ ನೆಲಕ್ಕೆ ತಾಗಿದ್ದವು. ಮೋಸ ಎಂದು ಅವನು ಕೂಗಿದ್ದು ಕೂಗಾಗಿಯೇ ಉಳಿಯಿತು. ಎರಡನೆಯ ಸುತ್ತು ಅರ್ಧ ಗಂಟೆಯ ಹತ್ತಿರಕ್ಕೆ ಹೋಯಿತು, ಅದರಲ್ಲೂ ಸೋತ.

ನಮ್ಮ ಗರಡಿಗಳಲ್ಲಿ ಕೈ ಕೊಡುವುದು ಅರ್ಧ ಪೂಜೆ ಇದ್ದ ಹಾಗೆ. ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಎದುರಾಳಿಯ ಕೈ ಮುಟ್ಟಿ, ಆಮೇಲೆ ತೊಡೆ ತಟ್ಟುವುದು. ಕೈ ಕೊಡುವ ಹೊತ್ತಿನಲ್ಲಿ ಕಾಲು ಎಳೆಸಿಕೊಂಡವನು ಮುಂದಿನ ಪಂದ್ಯದಲ್ಲಿ ಹೇಗೆ ಆಡಿಯಾನು? ಈ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ಹಡಗು ಹತ್ತೋಣ.

ಲಂಡನ್: 2 ಗಂಟೆ 35 ನಿಮಿಷ

ಅದೇ 1910ರಲ್ಲಿ ಗಾಮಾ ಲಂಡನ್ನಿಗೆ ಹೋದ. ಜೊತೆಗೆ ತಮ್ಮ ಇಮಾಮ್ ಬಕ್ಷ್ ಮತ್ತಿಬ್ಬರು ಪೈಲ್ವಾನರು. ಖರ್ಚು ನೋಡಿಕೊಂಡವನು ಬಂಗಾಳದ ಶರತ್ ಕುಮಾರ್ ಮಿತ್ರ, ಪಂದ್ಯ ಕುದುರಿಸುವವನು ಬೆಂಜಮಿನ್ ಎಂಬ ವ್ಯಾಪಾರಿ. ಅದು ಕೋಲಾರದ ಚಿನ್ನ ಕಂಬಿ ಹತ್ತಿ, ಹಡಗು ಹತ್ತಿ ಅದೇ ಊರಿಗೆ ಹೋಗುತ್ತಿದ್ದ ಕಾಲ. ಇಲ್ಲಿಂದ ಗಣಿಗೆ ಹೋಗುವ ರೈಲುದಾರಿ 1894ರಲ್ಲೇ ಆಗಿತ್ತು. ಈ ಊರಿಗೆ ಆಗ ಬೌರಿಂಗ್‌ಪೇಟೆ ಎಂದೇ ಹೆಸರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ನಡೆದು ಬಂದು ಗಣಿಯ ಯಂತ್ರಗಳನ್ನು ತಿರುಗಿಸತೊಡಗಿತ್ತು. ಅದಿರು ಅಗೆದವರು ಇಲ್ಲಿ, ಅದರ ಬೆಲೆ ಕಟ್ಟುವವರು ಅಲ್ಲಿ.

ಗಾಮಾನ ಬೆಲೆ ಕಟ್ಟಿದ್ದೂ ಅಲ್ಲೇ, ಅದೂ ಟೇಪು ಹಿಡಿದು. ಎತ್ತರ 5 ಅಡಿ 7 ಅಂಗುಲ. ಭಾರೀ ಪೈಲ್ವಾನರ ಪಂದ್ಯಾವಳಿಗೆ ಈ ಎತ್ತರ ಸಾಲದು ಎಂದು ಬಾಗಿಲು ಮುಚ್ಚಿದರು. ಬಸ್ಕಿ, ದಂಡ, ವಂಶ, ಅರಮನೆ ಯಾವುದೂ ಆ ಟೇಪಿನ ಮೇಲೆ ಬರೆದಿರಲಿಲ್ಲ. ಆಗ ಗಾಮಾ ಸವಾಲು ಹಾಕಿದ: ಯಾವ ತೂಕದವರೇ ಆಗಲಿ, ಮೂವರನ್ನು ಅರ್ಧ ಗಂಟೆಯೊಳಗೆ ಕೆಡವುತ್ತೇನೆ. ಜನ ಇದನ್ನು ಜಾಹೀರಾತಿನ ಆಟ ಎಂದುಕೊಂಡರು. ಕೊನೆಗೆ ಅಮೆರಿಕದ ಬೆಂಜಮಿನ್ ರೋಲರ್ ಒಪ್ಪಿದ. ಅವನು ವೃತ್ತಿಯಿಂದ ವೈದ್ಯನೂ ಹೌದು. ಆಗಸ್ಟ್ 8ರಂದು ಗಾಮಾ ಅವನನ್ನು ಎರಡು ಬಾರಿ ಚಿತ್ ಮಾಡಿದ. ಮೊದಲ ಬಾರಿಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಬಾಗಿಲು ತೆರೆಯಿತು, ಒಳಗಿನಿಂದ ಝ್ಬಿಶ್ಕೊ ಬಂದ.

ಸೆಪ್ಟೆಂಬರ್ 10, ಶನಿವಾರ. ಷೆಫರ್ಡ್ಸ್ ಬುಷ್‌ನಲ್ಲಿ, 1908ರ ಒಲಿಂಪಿಕ್ಸ್‌ಗೆಂದು ಕಟ್ಟಿದ್ದ ಕ್ರೀಡಾಂಗಣ. ಗೆದ್ದವನಿಗೆ 250 ಪೌಂಡು ಹಣ, ಜೊತೆಗೆ ಜಾನ್ ಬುಲ್ ಸೊಂಟಪಟ್ಟಿ. ಗಾಮಾ ಸುಮಾರು 200 ಪೌಂಡು ತೂಕದವ, ಝ್ಬಿಶ್ಕೊ ಅವನಿಗಿಂತ ಸುಮಾರು 50 ಪೌಂಡು ಹೆಚ್ಚು. ಎತ್ತರದಲ್ಲಿ ಅಂಥ ಅಂತರವಿಲ್ಲ, ಅಗಲದಲ್ಲಿತ್ತು. ಶುರುವಾದ ಒಂದು ನಿಮಿಷದೊಳಗೇ ಗಾಮಾ ಅವನನ್ನು ಕೆಳಕ್ಕೆ ತಂದ. ಆದರೆ ಕೆಳಕ್ಕೆ ಬಂದ ಝ್ಬಿಶ್ಕೊ ಮತ್ತೆ ಏಳುವ ಮನಸ್ಸು ಮಾಡಲಿಲ್ಲ. ಹೊಟ್ಟೆಯನ್ನು ಮ್ಯಾಟಿಗೆ ಅಂಟಿಸಿ, ಕೈಕಾಲು ಹರಡಿ, ಬಂಡೆಯ ಹಾಗೆ ಮಲಗಿಬಿಟ್ಟ. ಎರಡೂ ಭುಜ ನೆಲಕ್ಕೆ ತಾಗಿದರೆ ಮಾತ್ರ ಸೋಲು. ಬೆನ್ನು ಆಕಾಶ ನೋಡುತ್ತಿರುವಷ್ಟು ಹೊತ್ತು ಸೋಲಿಲ್ಲ. ಗಾಮಾ ಮೇಲೆ ಕೂತು ಎಳೆದ, ತಿರುಚಿದ, ಕಾಲು ಎತ್ತಿದ. 2 ಗಂಟೆ 35 ನಿಮಿಷ ಕಳೆದವು. ಬೆಳಕು ಮಾಸಿತು, ಪಂದ್ಯ ಸಮ ಎಂದರು. ಮುಂದಿನ ಶನಿವಾರ, ಅಂದರೆ 17ರಂದು, ಮತ್ತೆ ಆಡುವುದೆಂದು ತೀರ್ಮಾನವಾಯಿತು. ಆ ದಿನ ಗಾಮಾ ಬಂದ, ಝ್ಬಿಶ್ಕೊ ಬರಲಿಲ್ಲ. ಪಟ್ಟಿಯನ್ನು ಗಾಮಾನಿಗೆ ಕೊಟ್ಟರು.

ಲಂಡನ್ನಿನ ಪತ್ರಿಕೆಗಳು ಝ್ಬಿಶ್ಕೊನನ್ನು ಹರಿದು ಹಂಚಿದವು. ನಮ್ಮವರೂ ನೂರು ವರ್ಷದಿಂದ ಅದನ್ನೇ ಮಾಡುತ್ತಿದ್ದೇವೆ. ನೆಲ ಕಚ್ಚುವುದು ಎಂದರೆ ಕನ್ನಡದಲ್ಲಿ ಮಾನ ಹೋಗುವುದು. ಇವನು ಅಕ್ಷರಶಃ ನೆಲ ಕಚ್ಚಿದವನು. “ಜಟ್ಟಿ ಬಿದ್ದರೆ ಅದೂ ಒಂದು ಪಟ್ಟು” ಎಂಬ ಗಾದೆಯನ್ನು ನಾವು ಗೇಲಿಗೆ ಬಳಸುತ್ತೇವೆ, ಬಿದ್ದವನು ಹೇಳಿಕೊಳ್ಳುವ ನೆಪ ಎಂಬ ಅರ್ಥದಲ್ಲಿ. ಆದರೆ ಗಾದೆಯ ಮೊದಲ ಮುಖ ಅದಲ್ಲ ಎಂದು ನನಗೆ ಅನ್ನಿಸುತ್ತದೆ. ಇದನ್ನು ಮೊದಲು ಹೇಳಿದವನು ಗರಡಿ ಬಲ್ಲವನೇ ಇರಬೇಕು. ಜಟ್ಟಿಗೆ ಬೀಳಲೂ ಗೊತ್ತಿರಬೇಕು. ಜೇಬಿನಲ್ಲಿಟ್ಟ ಪ್ರಶ್ನೆಯನ್ನು ಈಗ ತೆಗೆಯಿರಿ: ಕೈ ಚಾಚಿದ್ದಕ್ಕೆ ಏಳು ಸೆಕೆಂಡಿನಲ್ಲಿ ಸೋತವನು ಮೂರು ತಿಂಗಳಲ್ಲಿ ಏನು ಕಲಿತ? ನಿಂತರೆ ಕೆಡುತ್ತೇನೆ ಎಂಬುದನ್ನು ಕಲಿತ. ಗಾಮಾ ತನಗಿಂತ ಮೇಲೆಂದು ಮೊದಲ ನಿಮಿಷದಲ್ಲೇ ಅವನಿಗೆ ಗೊತ್ತಾಗಿತ್ತು. ಮೈಯನ್ನು ಅಡವಿಟ್ಟು ಹೊತ್ತು ಕೊಂಡುಕೊಂಡ. ಅದನ್ನು ಧೈರ್ಯವೆಂದು ನಾನು ಕರೆಯುತ್ತಿಲ್ಲ. ಆದರೆ 200 ಪೌಂಡಿನ ಗಾಮಾ ಬೆನ್ನ ಮೇಲಿದ್ದಾಗ ಎರಡೂವರೆ ಗಂಟೆ ಮಗುಚದೆ ಉಳಿಯುವುದು ಪಟ್ಟು ಅಲ್ಲ ಎಂದು ಹೇಳುವವರು, ಒಂದು ಚೀಲ ಅಕ್ಕಿ ಬೆನ್ನ ಮೇಲೆ ಹಾಕಿಕೊಂಡು ಹತ್ತು ನಿಮಿಷ ಬೋರಲಾಗಿ ಮಲಗಿ ನೋಡಲಿ.

ಮತ್ತೊಂದು ಮಾತು. ಗಾಮಾ ಸೋಲದ ಪೈಲ್ವಾನ ಎಂಬುದು ನಿಜ. ಎಲ್ಲರನ್ನೂ ಗೆದ್ದ ಎಂದರೆ ತಪ್ಪಾಗುತ್ತದೆ. ಲಂಡನ್ನಿನ ಪಂದ್ಯ ಸಮ. ತವರಿನಲ್ಲಿ, ಸುಮಾರು ಏಳು ಅಡಿ ಎತ್ತರದ ರಹೀಮ್ ಬಕ್ಷ್ ಸುಲ್ತಾನಿವಾಲಾನೊಡನೆ ಮೊದಮೊದಲು ಆಡಿದ ಪಂದ್ಯಗಳೂ ಸಮ. ಲಂಡನ್ನಿನಿಂದ ಮರಳಿದ ಮೇಲೆಯೇ ಅಲಹಾಬಾದಿನಲ್ಲಿ ರಹೀಮನನ್ನು ಗೆದ್ದು ಗಾಮಾ ರುಸ್ತುಮ್–ಎ–ಹಿಂದ್ ಆದ. ಎದುರಾಳಿ ಎಷ್ಟು ಗಟ್ಟಿ ಎಂಬುದನ್ನು ಹೇಳದೆ ಗೆದ್ದವನ ಬಲವನ್ನು ಹೇಳುವ ದಾರಿ ಇಲ್ಲ.

ನಡುವಿನ ವರ್ಷಗಳು

ಆಮೇಲೆ ಇಬ್ಬರ ದಾರಿಯೂ ಬೇರೆಯಾಯಿತು. ಗಾಮಾ ಯುರೋಪಿನ ಹೆಸರಾಂತ ಪೈಲ್ವಾನ ಹ್ಯಾಕನ್‌ಶ್ಮಿಟ್‌ನನ್ನು ಪಂದ್ಯಕ್ಕೆ ಕರೆದ, ಅಮೆರಿಕದ ಗಾಚ್‌ನನ್ನು ಕರೆದ. ಆ ಜೋಡಿಗಳು ಕೂಡಿ ಬರಲೇ ಇಲ್ಲ. ಊರಿಗೆ ಮರಳಿದ. ಪಟಿಯಾಲದ ಅರಮನೆ ಆಶ್ರಯ ಕೊಟ್ಟಿತು. 1922ರಲ್ಲಿ ಭಾರತಕ್ಕೆ ಬಂದಿದ್ದ ಬ್ರಿಟಿಷ್ ಯುವರಾಜ ಬೆಳ್ಳಿಯ ಗದೆ ಕೊಟ್ಟ. ಹೊಟ್ಟೆಗೆ, ಬಿರುದಿಗೆ ಕೊರತೆ ಇಲ್ಲ, ಎದುರಾಳಿಗೆ ಮಾತ್ರ ಬರ. ಜೋಡಿ ಇಲ್ಲದ ಪೈಲ್ವಾನ ನಿಂತ ಗಣಿಯ ಹಾಗೆ. ಒಳಗೆ ಅದಿರಿದೆ, ಕೆಳಗೆ ಇಳಿಯುವವರಿಲ್ಲ.

ಝ್ಬಿಶ್ಕೊನಿಗೆ ಎದುರಾಳಿಗಳ ಬರವಿರಲಿಲ್ಲ. ಬರವಿದ್ದುದು ನಿಜಕ್ಕೆ. 1921ರ ಮೇ 6ರಂದು, ನಲವತ್ತು ದಾಟಿದ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ಎಡ್ ಲೂಯಿಸ್‌ನನ್ನು ಸೋಲಿಸಿ ವಿಶ್ವ ಹೆವಿವೇಟ್ ಪಟ್ಟ ಪಡೆದ. ಮರುವರ್ಷ ಅದೇ ಲೂಯಿಸ್‌ಗೆ ಕಳೆದುಕೊಂಡ. ಅಷ್ಟರಲ್ಲಿ ಅಮೆರಿಕದ ವೃತ್ತಿ ಕುಸ್ತಿಯ ಹದ ಬದಲಾಗಿತ್ತು. ಲೂಯಿಸ್, ಅವನ ಮ್ಯಾನೇಜರ್ ಬಿಲ್ಲಿ ಸ್ಯಾಂಡೋ, ಟೂಟ್ಸ್ ಮಾಂಟ್ ಎಂಬ ಮೂವರು ಸೇರಿ ಪಂದ್ಯವನ್ನು ಸುತ್ತಾಟದ ಪ್ರದರ್ಶನವಾಗಿ ಕಟ್ಟಿದರು. ಯಾರು ಗೆಲ್ಲಬೇಕು, ಯಾವ ಊರಿನಲ್ಲಿ ಗೆಲ್ಲಬೇಕು ಎಂಬುದು ಕಚೇರಿಯಲ್ಲೇ ಗೊತ್ತಾಗುತ್ತಿತ್ತು. ಆ ಮೂವರ ಕೂಟಕ್ಕೆ ಮುಂದೆ ಬಂದ ಹೆಸರು ಕೇಳಿದರೆ ಕೆಜಿಎಫ್‌ನವರು ನಗುತ್ತೀರಿ: ಗೋಲ್ಡ್ ಡಸ್ಟ್ ತ್ರಿವಳಿ. ಚಿನ್ನದ ಪುಡಿಯ ಮೂವರು. ಒಂದು ಔನ್ಸು ಚಿನ್ನಕ್ಕೆ ಎಷ್ಟು ಕಲ್ಲು ಅರೆಯಬೇಕೆಂದು ನಮಗೆ ಗೊತ್ತು. ಅವರು ಕಲ್ಲನ್ನು ಮುಟ್ಟದೆಯೇ ಪುಡಿ ತೆಗೆದರು.

1925ರಲ್ಲಿ ಅವರು ವೇಯ್ನ್ ಮನ್ ಎಂಬ ದೈತ್ಯನನ್ನು ಚಾಂಪಿಯನ್ ಮಾಡಿದರು. ಅವನು ಮೂಲತಃ ಅಮೆರಿಕನ್ ಫುಟ್‌ಬಾಲ್ ಆಟಗಾರ. ನೋಡಲು ಭರ್ಜರಿ, ಕುಸ್ತಿ ಅಷ್ಟಕ್ಕಷ್ಟೇ. ಅವನ ಹೆಸರು ಬೆಳೆಯಲಿ ಎಂದು ಹಳೆಯ ಹುಲಿ ಝ್ಬಿಶ್ಕೊನನ್ನು ಸೋಲಲು ಕರೆಸಿದರು. ಏಪ್ರಿಲ್ 15, ಫಿಲಡೆಲ್ಫಿಯಾ. ಸೋಲಲು ಬಂದವನು ಸೋಲಲಿಲ್ಲ. ಮನ್‌ನನ್ನು ಹಿಡಿದ, ಕೆಡವಿದ, ಮತ್ತೆ ಕೆಡವಿದ. ಇನ್ನು ಕಣ್ಣು ಮುಚ್ಚಿಕೊಂಡರೆ ಜನ ಸುಮ್ಮನಿರುವುದಿಲ್ಲ ಎಂಬಷ್ಟು ಸ್ಪಷ್ಟವಾಗಿ ಭುಜ ಒತ್ತಿದಾಗ ರೆಫ್ರಿ ಚಾಂಪಿಯನ್ ಪಟ್ಟವನ್ನು ಅವನಿಗೆ ಕೊಡಲೇಬೇಕಾಯಿತು. ಆ ದಿನ ಅವನು ತ್ರಿವಳಿಯ ಎದುರು ಬಣದ ಜೊತೆ ಕೈಜೋಡಿಸಿದ್ದ. ಮೇ 30ರಂದು ಸೇಂಟ್ ಲೂಯಿಯಲ್ಲಿ ಆ ಬಣದ ಜೋ ಸ್ಟೆಕರ್‌ಗೆ ಪಟ್ಟವನ್ನು ಒಪ್ಪಿಸಿದ. ಅಂದರೆ ಅಂದಿನ ನಿಜದ ಗೆಲುವೂ ಒಂದು ವ್ಯಾಪಾರದ ಭಾಗವೇ. ನಿಜವನ್ನೂ ಕಾಸು ಕೊಟ್ಟು ಕೊಳ್ಳಬೇಕಾದ ಕಾಲದಲ್ಲಿ ಅವನು ದುಡಿದ. ಇಬ್ಬರ ವೃತ್ತಿಯನ್ನು ಹೋಲಿಸುವಾಗ ಗಾಮಾ ಶುದ್ಧ, ಇವನು ಬೆರಕೆ ಎಂದು ಹೇಳುವುದು ಸುಲಭ. ಅರಮನೆಯ ಅನ್ನ ಉಂಡವನಿಗೆ ಶುದ್ಧವಾಗಿರಲು ಎಡೆಯಿತ್ತು, ಟಿಕೆಟ್ಟಿನ ಅನ್ನ ಉಂಡವನಿಗೆ ಅಷ್ಟು ಎಡೆಯಿರಲಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಪಟಿಯಾಲ: ಒಂದು ನಿಮಿಷದೊಳಗೆ

1928ರ ಜನವರಿ. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಇಬ್ಬರನ್ನೂ ಮತ್ತೆ ಎದುರುಬದುರು ನಿಲ್ಲಿಸಿದ. ಇಬ್ಬರಿಗೂ ಐವತ್ತರ ಅಂಚು. ಹತ್ತಾರು ಸಾವಿರ ಜನ ಸೇರಿದ್ದರು. ಈ ಬಾರಿ ಮ್ಯಾಟಿಲ್ಲ, ಮಣ್ಣು. ಎಣ್ಣೆ ಕುಡಿಸಿ, ಅಗೆದು, ಹದಮಾಡಿದ ಅಖಾಡದ ಮಣ್ಣು ಅಂದರೆ ಏನೆಂದು ಗರಡಿಗೆ ಹೋದವರಿಗೆ ಹೇಳಬೇಕಿಲ್ಲ. ಕಾಲು ಹೂತುಕೊಳ್ಳುತ್ತದೆ, ಬಿದ್ದರೆ ನೋಯಿಸುವುದಿಲ್ಲ, ಆದರೆ ಗೊತ್ತಿಲ್ಲದವನನ್ನು ಬೇಗ ಬೀಳಿಸುತ್ತದೆ.

ಝ್ಬಿಶ್ಕೊ ಈ ಬಾರಿ ನಿಂತುಕೊಂಡೇ ಆಡಿದ. ಗಾಮಾ ನುಗ್ಗಿದ, ಎತ್ತಿದ, ಕೆಡವಿದ. ಗಡಿಯಾರದ ಲೆಕ್ಕವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಕೊಡುತ್ತಾರೆ. ಒಂದು ನಿಮಿಷ ಆಗಲಿಲ್ಲ ಎಂಬುದರಲ್ಲಿ ಜಗಳವಿಲ್ಲ. ಲಂಡನ್ನಿನಲ್ಲಿ 155 ನಿಮಿಷದಲ್ಲಿ ಬಗೆಹರಿಯದ ಪ್ರಶ್ನೆ ಪಟಿಯಾಲದಲ್ಲಿ ಒಂದು ನಿಮಿಷದೊಳಗೆ ಬಗೆಹರಿಯಿತು.

ಸಭಿಕರೇ, ಈ ಪಂದ್ಯದಲ್ಲಿ ನನಗೆ ಗಾಮಾನಿಗಿಂತ ಝ್ಬಿಶ್ಕೊ ದೊಡ್ಡವನಾಗಿ ಕಾಣುತ್ತಾನೆ. ಅವನು ಬರಬೇಕೆಂಬ ಕಾನೂನೇನೂ ಇರಲಿಲ್ಲ. 1910ರ ಸೆಪ್ಟೆಂಬರ್ 17ರ ಶನಿವಾರ ತಪ್ಪಿಸಿಕೊಂಡಂತೆ ಇದನ್ನೂ ತಪ್ಪಿಸಿಕೊಳ್ಳಬಹುದಿತ್ತು. ಹಣಕ್ಕಾಗಿಯೇ ಬಂದ ಎನ್ನಿ, ಒಪ್ಪುತ್ತೇನೆ. ಆದರೆ ಹಣಕ್ಕೆ ಬಂದವನು ಮಲಗಿಯೂ ಆಡಬಹುದಿತ್ತು. ಆ ವಿದ್ಯೆ ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಎದುರಾಳಿಯ ನಾಡು, ಎದುರಾಳಿಯ ಮಣ್ಣು, ಎದುರಾಳಿಯ ಅರಸ, ಎದುರಾಳಿಯ ಜನ. ಅಲ್ಲಿ ಅವನು ನಿಂತು ಸೋತ. ಹದಿನೆಂಟು ವರ್ಷ ಬಾಕಿ ಇದ್ದ ಸಾಲವನ್ನು ಮನೆ ಬಾಗಿಲಿಗೇ ಬಂದು ತೀರಿಸಿದ. ಅವನು ಬಾರದೇ ಹೋಗಿದ್ದರೆ ಲಂಡನ್ನಿನ ಸಮ ಸಮವಾಗಿಯೇ ಉಳಿಯುತ್ತಿತ್ತು, ಗಾಮಾನ ಹೆಸರಿನ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ನಿಲ್ಲುತ್ತಿತ್ತು. ಮಕ್ಕಳನ್ನು ಗದರಿಸುವಾಗ ನಾವು ಬಳಸುವ ಆ ಹೆಸರಿಗೆ ಕೊನೆಯ ಮುದ್ರೆ ಒತ್ತಿದವನು ಸೋತವನು.

ಮೈಗೆ ಯಾರು ಹೊಣೆ

1930ನೇ ಇಸವಿಯ ಎರಡು ಸಂಗತಿಗಳನ್ನು ನಾನು ಒಟ್ಟಿಗೆ ನೆನೆಯುತ್ತೇನೆ. ಒಂದು ನಮ್ಮದು. ಆ ವರ್ಷ ಗಣಿ ಕಂಪನಿ ಕೂಲಿಕಾರರ ಬೆರಳಚ್ಚು ತೆಗೆದು ದಾಖಲೆ ಇಡಲು ಹೊರಟಿತು. ನಾವೇನು ಕಳ್ಳರೇ ಎಂದು ಸಾವಿರಾರು ಕೆಲಸಗಾರರು ಶಾಫ್ಟಿಗೆ ಇಳಿಯದೆ ಮುಷ್ಕರ ಹೂಡಿದರು. ಇನ್ನೊಂದು ನ್ಯೂಯಾರ್ಕಿನದು. ಅಲ್ಲಿನ ಪತ್ರಿಕೆಯೊಂದು ಜೀವವಿಕಾಸದ ಬಗ್ಗೆ ಲೇಖನ ಹಾಕಿ, ಒಂದು ಕಡೆ ಝ್ಬಿಶ್ಕೊನ ಚಿತ್ರ, ಎದುರಿಗೆ ಗೊರಿಲ್ಲಾದ ಚಿತ್ರ ಅಚ್ಚುಮಾಡಿ, ಇಬ್ಬರ ಮೈಕಟ್ಟಿಗೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ಬರೆದಿತ್ತು. ಝ್ಬಿಶ್ಕೊ ಮೊಕದ್ದಮೆ ಹೂಡಿದ. ಇದು ಮನುಷ್ಯನನ್ನು ಗೇಲಿಗೆ ಗುರಿಮಾಡುವ ಮಾನಹಾನಿಯೇ ಹೌದೆಂದು 1930ರಲ್ಲಿ ನ್ಯಾಯಾಲಯ ಅವನ ಪರವಾಗಿ ನಿಂತಿತು. ಆ ತೀರ್ಪು ಇಂದಿಗೂ ಕಾನೂನಿನ ಪುಸ್ತಕದಲ್ಲಿದೆ.

ಟೇಪಿನಿಂದ ಅಳೆಸಿಕೊಂಡ ಗಾಮಾ, ಗೊರಿಲ್ಲಾದ ಪಕ್ಕ ಕೂರಿಸಿಕೊಂಡ ಝ್ಬಿಶ್ಕೊ, ಬೆರಳು ಕೊಡಲೊಲ್ಲದ ಗಣಿಯಾಳು. ಮೈಯನ್ನೇ ಬಂಡವಾಳ ಮಾಡಿಕೊಂಡವರನ್ನು ಜಗತ್ತು ಬರೀ ಮೈ ಎಂದೇ ನೋಡುತ್ತದೆ. ಮೈಯ ಒಳಗೆ ಒಬ್ಬನಿದ್ದಾನೆ ಎಂದು ಅವರೇ ಕೂಗಿ ಹೇಳಬೇಕಾಗುತ್ತದೆ.

ಕೊನೆಯ ದಿನಗಳಿಗೆ ಬರೋಣ. ದೇಶ ವಿಭಜನೆಯಾದಾಗ ಗಾಮಾ ಲಾಹೋರಿನವನಾದ. ಸಂಸ್ಥಾನಗಳು ಹೋದವು, ಸಂಸ್ಥಾನಗಳ ಜೊತೆಗೆ ಪೈಲ್ವಾನನ ಹಾಲು, ತುಪ್ಪ, ಬಾದಾಮಿಯೂ ಹೋದವು. ಕಾಯಿಲೆ ಬಿದ್ದ, ಕೈ ಬರಿದಾಯಿತು. ಗಡಿಯ ಈಚೆಯಿಂದ ಉದ್ಯಮಿ ಘನಶ್ಯಾಮದಾಸ್ ಬಿರ್ಲಾ ಹಣ ಕಳಿಸಿದರು. 1960ರ ಮೇ 23ರಂದು ಗಾಮಾ ತೀರಿಕೊಂಡ. ಆಶ್ರಯ ಕೊಟ್ಟ ಬಾಗಿಲು ಒಮ್ಮೆಲೇ ಮುಚ್ಚಿದರೆ ಏನಾಗುತ್ತದೆಂದು ನಾವು ಲಾಹೋರಿಗೆ ಹೋಗಿ ನೋಡಬೇಕಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಬಂದ ಮೈಗಳು, ಕಲ್ಲುಧೂಳು ಕುಡಿದ ಶ್ವಾಸಕೋಶಗಳು, ನಮ್ಮ ಬೀದಿಗಳಲ್ಲೇ ಉಳಿದವು. 120 ವರ್ಷಗಳಲ್ಲಿ 800 ಟನ್ನಿಗೂ ಮಿಕ್ಕಿ ಚಿನ್ನ ಹೊರಬಂದ ಲೆಕ್ಕ ಸಿಗುತ್ತದೆ. ಮೈಗಳ ಲೆಕ್ಕವನ್ನು ಯಾವ ಕಂಪನಿಯೂ ಹಾಗೆ ಇಡುವುದಿಲ್ಲ.

ಝ್ಬಿಶ್ಕೊ ಅಮೆರಿಕದ ಮಿಸೌರಿಯಲ್ಲಿ ತೋಟ ಮಾಡಿಕೊಂಡು, ಎಳೆಯರಿಗೆ ಪಟ್ಟು ಹೇಳಿಕೊಡುತ್ತ ಇದ್ದ. ಮುಂದೆ ದೊಡ್ಡ ಚಾಂಪಿಯನ್ ಆದ ಹಾರ್ಲಿ ರೇಸ್ ಆ ತೋಟದಲ್ಲಿ ದುಡಿಯುತ್ತ ಕಲಿತವನು. 1950ರಲ್ಲಿ ‘ನೈಟ್ ಅಂಡ್ ದ ಸಿಟಿ’ ಎಂಬ ಚಿತ್ರದಲ್ಲಿ ಝ್ಬಿಶ್ಕೊ ನಟಿಸಿದ. ಕಥೆ ನಡೆಯುವುದು ಲಂಡನ್ನಿನಲ್ಲಿ, ಎರಡೂವರೆ ಗಂಟೆ ಮಲಗಿದ್ದಕ್ಕೆ ಅವನನ್ನು ಕಂಡು ನಕ್ಕ ಅದೇ ಊರಿನಲ್ಲಿ. ಪಾತ್ರ ಗ್ರೆಗೋರಿಯಸ್ ಎಂಬ ಮುದಿ ಪೈಲ್ವಾನನದು. ಮಗನೇ ಪ್ರದರ್ಶನ ಕುಸ್ತಿಯ ವ್ಯಾಪಾರಿ, ಅಪ್ಪನಿಗೆ ಆ ಬೂಟಾಟಿಕೆ ಕಂಡರೆ ಆಗುವುದಿಲ್ಲ. ಕೊನೆಗೊಂದು ದಿನ ಕಿಚಾಯಿಸಿದ ಎಳೆಯ ಪೈಲ್ವಾನನೊಡನೆ, ಟಿಕೆಟ್ಟಿಲ್ಲದೆ, ಪ್ರೇಕ್ಷಕರಿಲ್ಲದೆ, ಖಾಲಿ ವ್ಯಾಯಾಮಶಾಲೆಯಲ್ಲಿ ನಿಜದ ಕುಸ್ತಿ ಆಡುತ್ತಾನೆ. ಗೆಲ್ಲುತ್ತಾನೆ, ಆ ದಣಿವಿನಲ್ಲೇ ಸಾಯುತ್ತಾನೆ. ಜೀವಮಾನವಿಡೀ ಪ್ರದರ್ಶನದ ಅನ್ನ ಉಂಡವನಿಗೆ ನಿಜದ ಕುಸ್ತಿಯ ಪರ ನಿಲ್ಲಲು ಸಿಕ್ಕಿದ ಜಾಗ ಸಿನಿಮಾದ ಪರದೆ. ಅವನು ತೀರಿಕೊಂಡದ್ದು 1967ರಲ್ಲಿ.

ಹೋಲಿಕೆಯ ಕೊನೆಗೆ ತೀರ್ಪು ಹೇಳಬೇಕೆಂದು ನೀವು ಕಾಯುತ್ತಿದ್ದೀರಿ. ಕುಸ್ತಿಯಲ್ಲಿ ಗಾಮಾ ಮೇಲು, ಅದನ್ನು ಝ್ಬಿಶ್ಕೊನೇ ಮಣ್ಣಿನಲ್ಲಿ ಬರೆದುಕೊಟ್ಟಿದ್ದಾನೆ. ಬದುಕಿನಲ್ಲಿ ಯಾರು ಮೇಲೆಂದು ಕೇಳಬೇಡಿ. ಒಬ್ಬನಿಗೆ ಸೋಲಿನ ಭಯ ಕಾಡಲಿಲ್ಲ, ಜೋಡಿ ಸಿಗದ ಕೊರಗು ಕಾಡಿತು. ಇನ್ನೊಬ್ಬ ಕೈ ಚಾಚಿ ಸೋತ, ಮಲಗಿ ಸಮಮಾಡಿದ, ಮಾತು ಮುರಿದು ಗೆದ್ದ, ನಿಂತು ಸೋತ. ಬೀಳುವ ನಾಲ್ಕು ಬಗೆಯನ್ನೂ ಬಲ್ಲ ಆ ಜಟ್ಟಿಗೆ ನಮ್ಮ ಗಾದೆಯನ್ನು ಗೇಲಿಯ ಮುಖ ತಿರುಗಿಸಿಟ್ಟು ಕೊಡಬೇಕೆಂದು ನನ್ನ ಆಸೆ.

ಇಲ್ಲಿಗೆ ಬರುವ ಮುನ್ನ ದತ್ತಿ ಇಟ್ಟ ಹಿರಿಯರ ಮನೆಗೆ ಹೋಗಿದ್ದೆ. ಅವರು ಎಷ್ಟು ಕುಸ್ತಿ ಗೆದ್ದಿದ್ದರು ಎಂದು ಕೇಳಿದೆ. ಮನೆಯವರಿಗೆ ಗೊತ್ತಿರಲಿಲ್ಲ, ಅವರು ಎಂದೂ ಎಣಿಸಿ ಹೇಳಿದವರಲ್ಲವಂತೆ. ಆದರೆ ಆಂಡರ್ಸನ್‌ಪೇಟೆಯ ಒಬ್ಬರು ತೀರಿಕೊಂಡ ಸುದ್ದಿ ಬಂದ ದಿನ ಊಟ ಬಿಟ್ಟು ಕೂತಿದ್ದರಂತೆ. ನೆಂಟರೇನಲ್ಲ, ಒಂದೇ ಶಾಫ್ಟಿನವರೂ ಅಲ್ಲ. ಯಾರೆಂದು ಮಗಳು ಕೇಳಿದಾಗ ಒಂದೇ ಮಾತು ಹೇಳಿದರಂತೆ:

“ನನ್ನ ಜೋಡಿ, ಕಣಮ್ಮ.”